ಜ್ಯೂರಿಯ ಏಳನೆಯ ಕುರ್ಚಿಯಲ್ಲಿ ಮೂರು ದಿನ

ಅಮೆರಿಕದ ಪೌರತ್ವ ಪರೀಕ್ಷೆಗೆಂದು ನಾನು ಬಾಯಿಪಾಠ ಮಾಡಿದ್ದ 100 ಪ್ರಶ್ನೆಗಳಲ್ಲಿ 49ನೆಯದು ಹೀಗಿತ್ತು: ಈ ದೇಶದ ಪೌರರಿಗೆ ಮಾತ್ರ ಇರುವ ಒಂದು ಹೊಣೆ ಯಾವುದು? ಜ್ಯೂರಿಯಲ್ಲಿ ಕೂರುವುದು ಅಥವಾ ಒಕ್ಕೂಟದ ಚುನಾವಣೆಯಲ್ಲಿ ಮತ ಹಾಕುವುದು, ಎರಡರಲ್ಲಿ ಯಾವುದನ್ನು ಹೇಳಿದರೂ ಸರಿ. ಆಗ ಅಧಿಕಾರಿ ಕೇಳುತ್ತಿದ್ದದ್ದು ಹೆಚ್ಚೆಂದರೆ ಹತ್ತು ಪ್ರಶ್ನೆ. ಆರಕ್ಕೆ ಸರಿಯುತ್ತರ ಕೊಟ್ಟರೆ ಸಾಕಿತ್ತು. ಅಂದು ನನಗೆ ಆ ಪ್ರಶ್ನೆ ಬರಲಿಲ್ಲ. ಒಂದೂವರೆ ವರ್ಷದ ಬಳಿಕ ಅದು ಸಮನ್ಸ್ ರೂಪದಲ್ಲಿ ಫಿಲಡೆಲ್ಫಿಯಾದ ನಮ್ಮ ಮನೆಯ ಅಂಚೆಪೆಟ್ಟಿಗೆಗೆ ಬಂದು ಬಿತ್ತು.

ಊರಿನಲ್ಲಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾರತದಲ್ಲಿಯೂ ಒಂದು ಕಾಲಕ್ಕೆ ಜ್ಯೂರಿ ಇತ್ತು. ನೌಕಾಪಡೆಯ ಅಧಿಕಾರಿಯೊಬ್ಬನ ಮೇಲೆ ಕೊಲೆ ಆರೋಪವಿದ್ದ 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿ ಎಂಟಕ್ಕೆ ಒಂದರಂತೆ ಆರೋಪಿ ನಿರ್ದೋಷಿ ಎಂದಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಮುಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಹಾಗಾಗಿ ನಮ್ಮ ತಲೆಮಾರಿನವರಿಗೆ ನ್ಯಾಯ ಹೇಳುವುದೆಂದರೆ ಕಪ್ಪು ಕೋಟು ತೊಟ್ಟವರ ಕೆಲಸ. ಇಲ್ಲಿ ಗಂಭೀರವಾದ ಅಪರಾಧ ಪ್ರಕರಣಗಳಲ್ಲಿ ಆರೋಪಿ ಬಯಸಿದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವುದು ಬೀದಿಯಿಂದ ಕರೆತಂದ ಹನ್ನೆರಡು ಜನ. ಅಡುಗೆಯವರು, ದಾದಿಯರು, ಲೆಕ್ಕ ಬರೆಯುವವರು, ಈಗ ತಿಪಟೂರಿನಲ್ಲಿ ಹುಟ್ಟಿದ ನಾನು.

ಸಮನ್ಸ್ ಬಂದ ಸುದ್ದಿ ಹೇಳಿದೊಡನೆ ಪರಿಚಿತರಿಂದ ಉಪಾಯಗಳು ಬಂದವು. ಇಂಗ್ಲಿಷ್ ಸರಿಯಾಗಿ ಅರ್ಥವಾಗುವುದಿಲ್ಲ ಎನ್ನಿ. ಪೊಲೀಸರನ್ನು ನಂಬುವುದಿಲ್ಲ ಎಂದುಬಿಡಿ, ಅಲ್ಲಿಯೇ ಮನೆಗೆ ಕಳಿಸುತ್ತಾರೆ. ಹೇಳಿದವರಲ್ಲಿ ನಮ್ಮವರೂ ಇದ್ದರು, ಇಲ್ಲಿಯೇ ಹುಟ್ಟಿ ಬೆಳೆದವರೂ ಇದ್ದರು. ನನಗೆ ಬಹಳ ಬೇಸರವಾಯಿತು. ಬಲಗೈ ಎತ್ತಿ ಪ್ರಮಾಣ ಮಾಡಿದ್ದು ಇಂಗ್ಲಿಷಿನಲ್ಲಿ. ಅದರ ಜೊತೆಗೆ ನಾನು ಬಿಟ್ಟುಕೊಟ್ಟದ್ದು ಮೂರು ಸಿಂಹಗಳ ಮುದ್ರೆಯಿದ್ದ ಆ ನೀಲಿ ಪಾಸ್‌ಪೋರ್ಟನ್ನು. ಆ ರಾತ್ರಿ ನನಗೆ ನಿದ್ರೆ ಬಂದಿರಲಿಲ್ಲ. ಅಷ್ಟು ಬೆಲೆ ತೆತ್ತು ಪಡೆದದ್ದರ ಮೊದಲ ಕೆಲಸವನ್ನೇ ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದೇ?

ನ್ಯಾಯಾಲಯದ ಹತ್ತಿರದಲ್ಲೇ ನಗರಸಭಾ ಭವನವಿದೆ. ಅದರ ಗೋಪುರದ ತುದಿಯಲ್ಲಿ ವಿಲಿಯಂ ಪೆನ್ನನ ದೊಡ್ಡ ಕಂಚಿನ ಪ್ರತಿಮೆ. ನಮ್ಮ ಈ ಪೆನ್ಸಿಲ್ವೇನಿಯಾ ರಾಜ್ಯವನ್ನು ಸ್ಥಾಪಿಸುವುದಕ್ಕೆ ಮೊದಲು ಆತ ಸ್ವತಃ ಆರೋಪಿಯಾಗಿ ನಿಂತಿದ್ದವನು. 1670ರಲ್ಲಿ ಲಂಡನ್ನಿನ ಬೀದಿಯೊಂದರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಉಪದೇಶ ಮಾಡಿದನೆಂದು ವಿಚಾರಣೆ ನಡೆಯಿತು. ಶಿಕ್ಷೆಯಾಗಲೇಬೇಕೆಂಬುದು ನ್ಯಾಯಪೀಠದ ಹಟ. ಜ್ಯೂರಿ ಒಪ್ಪಲಿಲ್ಲ. ಅನ್ನ, ನೀರು, ಬೆಂಕಿ ಯಾವುದನ್ನೂ ಕೊಡದೆ ಅವರನ್ನು ಕೂಡಿಹಾಕಿದರು. ಆದರೂ ಅವರು ಹೇಳಿದ್ದು ನಿರ್ದೋಷಿ ಎಂದೇ. ದಂಡ ವಿಧಿಸಿದಾಗ ಎಡ್ವರ್ಡ್ ಬುಶೆಲ್ ಎಂಬ ಜ್ಯೂರಿ ಸದಸ್ಯ ಕಟ್ಟಲು ನಿರಾಕರಿಸಿ ಸೆರೆಮನೆಗೆ ಹೋದ. ಕೊನೆಗೆ ಮುಖ್ಯ ನ್ಯಾಯಮೂರ್ತಿ ವಾನ್, ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸುವಂತಿಲ್ಲ ಎಂದು ಹೇಳಬೇಕಾಯಿತು. ವರ್ಷಗಟ್ಟಲೆ ಆ ಪ್ರತಿಮೆಯ ಕೆಳಗೆ ಓಡಾಡಿದ್ದೇನೆ. ತಲೆಯೆತ್ತಿ ನೋಡಿದ್ದು ಆ ಸೋಮವಾರ ಬೆಳಿಗ್ಗೆಯೇ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಇಂಡಿಪೆಂಡೆನ್ಸ್ ಹಾಲ್. ಊರಿನಿಂದ ಬಂದ ನೆಂಟರನ್ನೆಲ್ಲ ನಾನು ಅಲ್ಲಿಗೆ ಕರೆದೊಯ್ದಿದ್ದೇನೆ. ಎದುರುಬದುರು ಎರಡು ಕೋಣೆಗಳು. ಒಂದರಲ್ಲಿ 1776ರಲ್ಲಿ ಸ್ವಾತಂತ್ರ್ಯ ಘೋಷಣೆಗೂ 1787ರಲ್ಲಿ ಸಂವಿಧಾನಕ್ಕೂ ಸಹಿ ಬಿತ್ತು. ಎಲ್ಲರ ಕಣ್ಣೂ ಕ್ಯಾಮೆರಾವೂ ಅತ್ತಲೇ. ಇನ್ನೊಂದು ಹಳೆಯ ನ್ಯಾಯಾಲಯ. ಆರೋಪಿ ನಿಲ್ಲುವ ಕಟಕಟೆ ಅಲ್ಲಿದೆ. ಹಜಾರದ ಕಡೆಗೆ ಆ ಕೋಣೆಗೆ ಬಾಗಿಲಿಲ್ಲ, ಅಗಲವಾದ ಕಮಾನುಗಳಷ್ಟೆ. ಹಾದುಹೋಗುವ ಯಾರು ಬೇಕಾದರೂ ನಿಂತು ವಿಚಾರಣೆ ನೋಡಬಹುದಿತ್ತು. ಆ ಎರಡು ಕೋಣೆಗಳು ಒಂದಕ್ಕೊಂದು ಮುಖಮಾಡಿ ನಿಂತಿರುವುದರ ಅರ್ಥ ನನಗೆ ತಡವಾಗಿ ಹೊಳೆಯಿತು. ಸ್ವಾತಂತ್ರ್ಯ ಘೋಷಣೆಯನ್ನು ಮೊದಲಿನ ಚೆಂದದ ಸಾಲುಗಳಿಗೆ ನಿಲ್ಲಿಸದೆ ಬ್ರಿಟನ್ನಿನ ದೊರೆಯ ಮೇಲಿನ ದೂರುಗಳ ಪಟ್ಟಿಯವರೆಗೆ ಓದಿದರೆ, ವಿದೇಶೀಯರು ಇಲ್ಲಿನ ಪೌರರಾಗುವ ಕಾನೂನುಗಳಿಗೆ ಅಡ್ಡಿ ಮಾಡಿದ ಎಂಬ ದೂರು ಸಿಗುತ್ತದೆ. ಮುಂದೆ ಹೋದರೆ, ಜ್ಯೂರಿಯ ಮುಂದಿನ ವಿಚಾರಣೆಯನ್ನು ನಮಗೆ ತಪ್ಪಿಸಿದ ಎಂಬುದೂ ಇದೆ. ಒಂದು ದೂರು ನಾನು ಇಲ್ಲಿ ಬಂದು ಸೇರಿದ್ದಕ್ಕೆ ಸಂಬಂಧಿಸಿದ್ದು, ಇನ್ನೊಂದು ಬಂದ ಮೇಲೆ ಮಾಡಬೇಕಾದದ್ದಕ್ಕೆ. ಸಂವಿಧಾನದ ಮೂರನೆಯ ವಿಧಿಯಲ್ಲಿ ಜ್ಯೂರಿ ಮತ್ತೆ ಬರುತ್ತದೆ, 1791ರ ಹಕ್ಕುಗಳ ಮಸೂದೆಯ ಆರು ಮತ್ತು ಏಳನೆಯ ತಿದ್ದುಪಡಿಗಳಲ್ಲಿ ಇನ್ನೊಮ್ಮೆ. ಮತ ಹಾಕುವ ಹಕ್ಕಿನ ಬಗ್ಗೆ ಆ ಹಿರಿಯರು ಅಷ್ಟು ಕಾಳಜಿ ತೋರಲಿಲ್ಲ. ಈ ವಿಷಯದಲ್ಲಿ ಮಾತ್ರ ಬಿಡದೆ ಬರೆದರು.

ಪ್ರಕರಣದ ಬಗ್ಗೆ ಗುರುತು ಸಿಗುವಂತೆ ಬರೆಯುವುದಿಲ್ಲ. ರಾತ್ರಿ ಅಂಗಡಿಯೊಂದರ ಬೀಗ ಒಡೆದ ಆರೋಪ. ಇಪ್ಪತ್ತರ ಆಸುಪಾಸಿನ ಹುಡುಗ. ಮಸುಕಾದ ಕ್ಯಾಮೆರಾ ಚಿತ್ರ, ರಸ್ತೆಯಾಚೆಯಿಂದ ನೋಡಿದ ಒಬ್ಬ ಸಾಕ್ಷಿ, ಒಂದು ಜಾಕೆಟ್. ನನ್ನದು ಏಳನೆಯ ಕುರ್ಚಿ. ಎರಡು ದಿನ ವಾದ ಕೇಳಿದೆವು. ಮೂರನೆಯ ದಿನ ನಮ್ಮ ಹನ್ನೆರಡು ಜನರನ್ನು ಕೋಣೆಯೊಂದಕ್ಕೆ ಕಳಿಸಿ ಬಾಗಿಲು ಹಾಕಿದರು. ಮೊದಲ ಸಲ ಕೈಯೆತ್ತಿದಾಗ ಎಂಟು ಜನ ತಪ್ಪಿತಸ್ಥ ಎಂದರು, ನಾಲ್ವರು ಅಲ್ಲ ಎಂದರು. ನಾನು ಎಂಟರಲ್ಲಿದ್ದೆ.

ಏಕೆ ಎಂದು ಮೇಜಿನ ತುದಿಯಲ್ಲಿದ್ದ ಹಿರಿಯ ಮಹಿಳೆ ಒಬ್ಬೊಬ್ಬರನ್ನೂ ಕೇಳುತ್ತ ಬಂದರು. ಶಾಲೆಯ ಬಸ್ ಓಡಿಸಿ ನಿವೃತ್ತರಾದವರು ಅವರು. ನನ್ನ ಸರದಿ ಬಂದಾಗ ನಾನು ಹೇಳಿದ್ದು, ಅವನು ಒಮ್ಮೆಯೂ ನಮ್ಮ ಕಡೆ ನೋಡಲಿಲ್ಲ ಎಂದು. ಅವರು ಮೆಲ್ಲಗೆ, "ಅದು ಸಾಕ್ಷ್ಯವೇ?" ಎಂದರು. ಅಷ್ಟೇ. ಬಯ್ದಿದ್ದರೂ ಅಷ್ಟು ನಾಟುತ್ತಿರಲಿಲ್ಲ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ಅಜ್ಜಿ ದಿನಕ್ಕೊಮ್ಮೆ ಹೇಳುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು; ಇಲ್ಲಿ ಪ್ರತ್ಯಕ್ಷವಾಗಿ ಕಂಡದ್ದೂ ಇರಲಿಲ್ಲ. ಚಿತ್ರವನ್ನು ಮತ್ತೆ ನೋಡಬೇಕೆಂದು ನ್ಯಾಯಾಧೀಶರಿಗೆ ಚೀಟಿ ಕಳಿಸಿದೆವು. ಮೂರು ಬಾರಿ ನೋಡಿದೆವು. ಮುಖ ಒಮ್ಮೆಯೂ ಕಾಣಲಿಲ್ಲ. ಹನ್ನೆರಡು ಜನರೂ ಒಪ್ಪಬೇಕು, ಹನ್ನೊಂದು ಸಾಲದು ಎಂಬ ನಿಯಮದ ಬೆಲೆ ನನಗೆ ತಿಳಿದದ್ದು ಆಗ. ಬಹುಮತ ಸಾಕಿದ್ದರೆ ನಾವು ಎಂಟು ಜನ ಹತ್ತೇ ನಿಮಿಷದಲ್ಲಿ ಎದ್ದು ಹೋಗುತ್ತಿದ್ದೆವು. ಲೂಸಿಯಾನ ಮತ್ತು ಆರೆಗನ್ ರಾಜ್ಯಗಳಲ್ಲಿ ಹತ್ತು ಜನ ಒಪ್ಪಿದರೂ ಶಿಕ್ಷೆ ವಿಧಿಸಬಹುದಿತ್ತು. 2020ರಲ್ಲಷ್ಟೇ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು.

ಇದನ್ನೆಲ್ಲ ಬರೆದು, ಈ ವ್ಯವಸ್ಥೆಯ ಕೈ ಶುದ್ಧವಾಗಿತ್ತು ಎಂಬ ಭಾವನೆ ನಿಮ್ಮಲ್ಲಿ ಹುಟ್ಟಿಸಿದರೆ ಅದು ಮೋಸವಾಗುತ್ತದೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಕೊಂದವರನ್ನು ಬಿಟ್ಟು ಕಳಿಸಿದ್ದೂ ಹನ್ನೆರಡು ಜನರ ಜ್ಯೂರಿಯೇ, ಎಲ್ಲರೂ ಬಿಳಿಯ ಗಂಡಸರು. ಅವರು ತೆಗೆದುಕೊಂಡದ್ದು ಒಂದು ಗಂಟೆಗಿಂತ ತುಸು ಹೆಚ್ಚು ಸಮಯ. ಮರುವರ್ಷ ಕೊಲೆಗಾರರು ಪತ್ರಿಕೆಯೊಂದರ ಮುಂದೆ ತಾವೇ ಒಪ್ಪಿಕೊಂಡರು. ಚರ್ಮದ ಬಣ್ಣ ನೋಡಿ ಜ್ಯೂರಿಯಿಂದ ಹೊರಗಿಡುವುದನ್ನು ತಡೆಯಲು 1986ರಲ್ಲಿಯೂ ಸುಪ್ರೀಂ ಕೋರ್ಟ್ ತೀರ್ಪು ಕೊಡಬೇಕಾಯಿತು. ನಮ್ಮ ಮಟ್ಟಿಗೆ ಹೇಳುವುದಾದರೆ, 1923ರಲ್ಲಿ, ಭಾರತದಿಂದ ಬಂದು ಇಲ್ಲಿನ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಪ್ರಕರಣದಲ್ಲಿ ಅದೇ ಕೋರ್ಟ್ ಭಾರತೀಯರು ಇಲ್ಲಿನ ಪೌರರಾಗಲು ಅರ್ಹರಲ್ಲ ಎಂದಿತ್ತು. ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ಏಳನೆಯ ಕುರ್ಚಿಯಲ್ಲಿ ನಾನು ಕೂರಲಾದದ್ದು ಯಾರು ಯಾರೋ ಹೋರಾಡಿದ್ದರಿಂದ. ಆ ಕೋಣೆಯಲ್ಲಿದ್ದ ಹನ್ನೆರಡು ಜನರಲ್ಲಿ ಏಳು ಜನ ಕಪ್ಪು ಜನಾಂಗದವರು, ಆರು ಜನ ಹೆಂಗಸರು. ಅಂದು ಇಂಡಿಪೆಂಡೆನ್ಸ್ ಹಾಲ್‌ನಲ್ಲಿ ಸಹಿ ಹಾಕಿದವರು ನಮ್ಮಲ್ಲಿ ಬಹಳ ಜನರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಅವರು ಬರೆದಿಟ್ಟ ಕೆಲಸವನ್ನು ಮಾತ್ರ ನಾವೇ ಮಾಡುತ್ತಿದ್ದೆವು.

ಮಧ್ಯಾಹ್ನ ಮೂರಕ್ಕೆ ನಿರ್ದೋಷಿ ಎಂದು ಹೇಳಿ ಹೊರಬಂದೆವು. ಆ ಹುಡುಗ ಆಗ ಮೊದಲ ಬಾರಿಗೆ ನಮ್ಮ ಕಡೆ ನೋಡಿದ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಹಾಗಾದರೆ ಕಳ್ಳತನ ಮಾಡಿದವನು ಅವನಲ್ಲವೇನೇ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಇಂದಿಗೂ ಗೊತ್ತಿಲ್ಲ. ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂಬುದಷ್ಟೇ ಗೊತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ತಾಯಿ ಕೋರ್ಟಿಗೆ ಬಂದಿದ್ದಳೇ ಎಂದು ವಿಚಾರಿಸಿದಳು. ಬಂದಿದ್ದರು, ಮೂರೂ ದಿನ.

ದಿನಕ್ಕೆ 9 ಡಾಲರಿನಂತೆ 27 ಡಾಲರಿನ ಚೆಕ್ ಬಂದಿದೆ. ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಹೋದ ವಾರ ಅಂಥದ್ದೇ ಸಮನ್ಸ್ ಮತ್ತೆ ಬಂತು, ಈ ಬಾರಿ ನನ್ನ ಗಂಡನ ಹೆಸರಿಗೆ. ಅದೇ ದಿನ ಆಫೀಸಿನಲ್ಲಿ ದೊಡ್ಡ ಸಭೆಯಿದೆ, ಮುಂದೂಡಲು ಕೇಳಿಕೊಳ್ಳಲೇ ಎಂದರು. ಸಭೆಯನ್ನೇ ಮುಂದೂಡಲು ಕೇಳಿ ಎಂದೆ. ಕೇಳಿದ್ದಾರೆ.