ಯಾವ ವರ್ಷದ ರೂಟ್ 66? ಅಪ್ಪಯ್ಯನ ಜೊತೆ ಅರಿಜೋನಾದ ಹಳೇ ರಸ್ತೆಯಲ್ಲಿ ನಾಲ್ಕು ದಿನ

ಅಪ್ಪಯ್ಯ ತೀರ್ಥಹಳ್ಳಿಯಿಂದ ಫೀನಿಕ್ಸ್‌ಗೆ ಬಂದು ಒಂದು ತಿಂಗಳಾಗಿತ್ತು. ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿಯಾಗಿತ್ತು, ಲಾಸ್ ವೇಗಸ್ ತೋರಿಸಿಯಾಗಿತ್ತು. ಎರಡಕ್ಕೂ "ಹೂಂ, ಚೆನ್ನಾಗಿದೆ" ಅಂದು ಸುಮ್ಮನಾಗಿದ್ದರು. ಒಂದು ಸಂಜೆ ನಾನು ಹಳೇ ರಸ್ತೆ ಮ್ಯಾಪುಗಳ ಡಬ್ಬಿ ತೆಗೆದು ನೆಲದ ಮೇಲೆ ಹರವಿಕೊಂಡಿದ್ದೆ. ಅಪ್ಪಯ್ಯ ಕನ್ನಡಕ ಹುಡುಕಿ ತಂದು ಪಕ್ಕದಲ್ಲಿ ಕೂತರು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ರಸ್ತೆ, ಮೋರಿ, ಘಾಟಿ ಅಂತ ಓಡಾಡಿದವರು. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ, "ಈ 66 ಅನ್ನೋ ರಸ್ತೆ ಒಂದು ಮ್ಯಾಪಲ್ಲಿ ಒಂದು ಕಡೆ ಹೋಗುತ್ತೆ, ಇನ್ನೊಂದರಲ್ಲಿ ಇನ್ನೊಂದು ಕಡೆ ಹೋಗುತ್ತೆ. ಯಾವುದು ಸರಿ ಮಾರಾಯ್ತಿ?" ಅಂತ ಕೇಳಿದರು.

ಎರಡೂ ಸರಿ. ರೂಟ್ 66 ನೋಡಲು ಹೊರಡುವವರು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದೇ. 1926ರ ನವೆಂಬರ್ 11ರಂದು ಹುಟ್ಟಿದ, ಶಿಕಾಗೊದಿಂದ ಲಾಸ್ ಏಂಜಲಿಸ್ ಕಡೆಗೆ ಎಂಟು ರಾಜ್ಯ ದಾಟಿ ಸುಮಾರು 2,448 ಮೈಲು ಓಡುತ್ತಿದ್ದ ಈ ಹೆದ್ದಾರಿ ಒಂದೇ ರಸ್ತೆಯಾಗಿ ಯಾವತ್ತೂ ಇರಲಿಲ್ಲ. ನ್ಯೂ ಮೆಕ್ಸಿಕೊದಲ್ಲಿ ಮೊದಲು ಸಾಂಟಾ ಫೆ ಸುತ್ತಿ ಹೋಗುತ್ತಿತ್ತು, 1937ರಲ್ಲಿ ಅದನ್ನು ಬಿಟ್ಟು ನೇರವಾಯಿತು. ಅರಿಜೋನಾದಲ್ಲಿ ಓಟ್‌ಮನ್ ಬೆಟ್ಟ ಹತ್ತಿ ಇಳಿಯುತ್ತಿತ್ತು, 1952ರಲ್ಲಿ ಬೆಟ್ಟ ಬಿಟ್ಟು ಯಕ್ಕಾ ಎಂಬ ಊರಿನ ಮೇಲೆ ಹಾದು ಬಯಲಿಗೆ ಸರಿಯಿತು. ಆಮೇಲೆ ಇಂಟರ್‌ಸ್ಟೇಟ್ ಎಂಬ ಹೊಸ ಅಗಲ ಹೆದ್ದಾರಿಗಳು ಬಂದು ಊರೂರನ್ನೇ ಬದಿಗಿಟ್ಟವು. 1985ರ ಜೂನ್ 27ಕ್ಕೆ 66 ಎಂಬ ನಂಬರನ್ನೇ ಪಟ್ಟಿಯಿಂದ ತೆಗೆದುಹಾಕಿದರು. ಹಾಗಾಗಿ "ರೂಟ್ 66 ನೋಡಬೇಕು" ಅನ್ನುವವರನ್ನು ನಾನು ಈಗ "ಯಾವ ವರ್ಷದ್ದು?" ಅಂತಲೇ ಕೇಳುತ್ತೇನೆ. ವರ್ಷ ಗೊತ್ತುಮಾಡಿಕೊಳ್ಳದೆ ಹೊರಟರೆ ಇಂಟರ್‌ಸ್ಟೇಟ್ 40, ಅಂದರೆ ಐ-40 ಹೆದ್ದಾರಿಯಲ್ಲೇ ಓಡಿ, ನಾಲ್ಕು ಬೋರ್ಡುಗಳ ಮುಂದೆ ಫೋಟೊ ತೆಗೆಸಿಕೊಂಡು ಮನೆಗೆ ಬರುತ್ತೀರಿ.

ಇಡೀ ರಸ್ತೆಗೆ ಎರಡು ವಾರವಾದರೂ ಬೇಕು. ನಮಗೆ ಅಷ್ಟು ರಜೆ ಇರಲಿಲ್ಲ, ಅಪ್ಪಯ್ಯನ ಸೊಂಟಕ್ಕೂ ಅಷ್ಟು ತಡೆಯುವ ಶಕ್ತಿ ಇರಲಿಲ್ಲ. ಅರಿಜೋನಾದ ಸುಮಾರು 400 ಮೈಲು ಸಾಕು ಅಂದುಕೊಂಡು, ಅದರಲ್ಲೂ ಹಾಲ್‌ಬ್ರುಕ್‌ನಿಂದ ಪಶ್ಚಿಮಕ್ಕೆ ಕೊಲರಾಡೊ ನದಿಯವರೆಗೆ ಮಾತ್ರ ಹಿಡಿದೆವು. ಅವಸರದವರಿಗೂ ನಾನು ಇದನ್ನೇ ಹೇಳುತ್ತೇನೆ. ಸೆಲಿಗ್ಮನ್‌ನಿಂದ ಕಿಂಗ್‌ಮನ್ ಮೇಲೆ ಟೋಪಾಕ್‌ವರೆಗಿನ ಭಾಗದಷ್ಟು ಉದ್ದಕ್ಕೆ ಹಳೇ 66 ತುಂಡಾಗದೆ ಉಳಿದದ್ದು ಬೇರೆಲ್ಲೂ ಇಲ್ಲ.

ಮ್ಯಾಪಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ಅದನ್ನು ಹೊರಡುವ ಮುಂಚೆ ಕೊಳ್ಳಬೇಕು. 1913ರಲ್ಲಿ ಗಲ್ಫ್ ತೈಲ ಕಂಪನಿ ಪಿಟ್ಸ್‌ಬರ್ಗ್‌ನಲ್ಲಿ ರಸ್ತೆ ಮ್ಯಾಪನ್ನು ಪುಕ್ಕಟೆ ಹಂಚಲು ಶುರುಮಾಡಿತು. ಆಮೇಲೆ ಅರವತ್ತು ವರ್ಷ ಅಮೆರಿಕದ ಪೆಟ್ರೋಲ್ ಬಂಕ್‌ಗಳಲ್ಲಿ ಮ್ಯಾಪು ಕೇಳಿದವರಿಗೆಲ್ಲ ಸಿಗುತ್ತಿತ್ತು. ರ‍್ಯಾಂಡ್ ಮೆಕ್‌ನ್ಯಾಲಿ, ಗೂಶಾ, ಜನರಲ್ ಡ್ರಾಫ್ಟಿಂಗ್ ಎಂಬ ಮೂರು ಕಂಪನಿಗಳು ಹೆಚ್ಚುಕಡಿಮೆ ಎಲ್ಲ ತೈಲ ಕಂಪನಿಗಳಿಗೂ ಮುದ್ರಿಸಿ ಕೊಡುತ್ತಿದ್ದವು, ಮುಖಪುಟ ಮಾತ್ರ ಬೇರೆ. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಪುಕ್ಕಟೆ ಹಂಚಿಕೆ ನಿಂತಿತು. ಅಷ್ಟೊಂದು ಸಂಖ್ಯೆಯಲ್ಲಿ ಮುದ್ರಿಸಿದ್ದರಿಂದಲೇ ಇವತ್ತಿಗೂ ಸಾಧಾರಣ ಮ್ಯಾಪು ದುಬಾರಿಯಲ್ಲ. ನಾನು ಐದರಿಂದ ಹದಿನೈದು ಡಾಲರ್ ಒಳಗೇ ಕೊಂಡಿದ್ದೇನೆ. ಇಪ್ಪತ್ತು, ಮೂವತ್ತರ ದಶಕದವು ಬೇರೆ ಮಾತು.

ಆನ್‌ಲೈನಲ್ಲಿ ಕೊಳ್ಳುವಾಗ ಒಮ್ಮೆ ಟೋಪಿ ಹಾಕಿಸಿಕೊಂಡಿದ್ದೇನೆ. "1940ರ ಅಪರೂಪದ ಅರಿಜೋನಾ ಮ್ಯಾಪು" ಅಂತ ಹಾಕಿದ್ದರು, ನಲವತ್ತು ಡಾಲರ್ ಕೊಟ್ಟೆ. ಬಂದ ಮೇಲೆ ಬಿಡಿಸಿದರೆ ನೆವಾಡಾ ಗಡಿಯಲ್ಲಿ "ಹೂವರ್ ಡ್ಯಾಮ್" ಅಂತ ಬರೆದಿದೆ. ಆ ಅಣೆಕಟ್ಟಿಗೆ 1933ರಿಂದ 1947ರವರೆಗೆ ಸರ್ಕಾರಿ ಹೆಸರು ಬೌಲ್ಡರ್ ಡ್ಯಾಮ್. ಅಂದರೆ ಮ್ಯಾಪು 47ರ ಈಚಿನದ್ದು. ಇನ್ನೂ ಕೆಳಗೆ ನೋಡಿದರೆ 66 ಯಕ್ಕಾ ಮೇಲೆ ಹೋಗಿದೆ, ಅಂದರೆ 52ರ ಈಚಿನದ್ದು. ಮೂಲೆಯಲ್ಲಿ ಐ-40ರ ತುಂಡೊಂದು ಚುಕ್ಕೆಗೆರೆಯಲ್ಲಿ, ಅಂದರೆ ಇನ್ನೂ ಕಟ್ಟುತ್ತಿರುವ ರಸ್ತೆ. ಇಂಟರ್‌ಸ್ಟೇಟ್ ಕಾಯ್ದೆ ಬಂದದ್ದೇ 1956ರಲ್ಲಿ. ಹಾಲ್‌ಬ್ರುಕ್ ಪಕ್ಕದಲ್ಲಿ "ಪೆಟ್ರಿಫೈಡ್ ಫಾರೆಸ್ಟ್ ನ್ಯಾಷನಲ್ ಮಾನ್ಯುಮೆಂಟ್" ಅಂತಿತ್ತು, ಅದು ನ್ಯಾಷನಲ್ ಪಾರ್ಕ್ ಆದದ್ದು 1962ರಲ್ಲಿ. ಹೀಗೆ ಮ್ಯಾಪು ತಾನೇ ತನ್ನ ವಯಸ್ಸು ಹೇಳಿತು: ಐವತ್ತರ ದಶಕದ ಕೊನೆ, ಇಲ್ಲವೇ ಅರವತ್ತರ ಶುರು. ಅದು ಹತ್ತು ಡಾಲರಿನ ಮಾಲು. ಬಹಳ ಮ್ಯಾಪುಗಳಲ್ಲಿ ವರ್ಷ ಅಚ್ಚಾಗಿರುವುದಿಲ್ಲ. ಮಾರುವವರು ಹೇಳಿದ್ದನ್ನು ನಂಬದೆ, ಒಳಪುಟಗಳ ಫೋಟೊ ಕೇಳಿ ಈ ಮೂರ್ನಾಲ್ಕು ಜಾಗ ನೋಡಿ. ಕಂಪನಿಯ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಹಾಗೆ) ಇದ್ದರೆ 1963ರ ಹಿಂದಿನದ್ದಲ್ಲ ಅನ್ನುವುದೂ ನೆನಪಿರಲಿ.

ಪ್ರವಾಸಕ್ಕೆ ಎರಡು ಮ್ಯಾಪು ಬೇಕು: 1951ರ ಒಳಗಿನದೊಂದು, ಅರವತ್ತರ ದಶಕದ್ದೊಂದು. ಜೊತೆಗೆ ಇವತ್ತಿನ ಕಾಗದದ ಮ್ಯಾಪು. ಹಳೆಯವನ್ನು ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ತೆಗೆದು ಕಾರಿಗೆ ಅದನ್ನೇ ಒಯ್ಯಿರಿ, ಅಸಲನ್ನು ಮನೆಯಲ್ಲಿಡಿ. ನಾನು ಹಾಗೆ ಮಾಡಲಿಲ್ಲ. ಎರಡನೇ ದಿನವೇ ಒಂದು ಮಡಿಕೆ ಹರಿಯಿತು. ಅಪ್ಪಯ್ಯ ಮೋಟೆಲ್‌ನವರ ಹತ್ತಿರ ಸೆಲ್ಲೊ ಟೇಪ್ ಇಸಕೊಂಡು ಬಂದೇಬಿಟ್ಟರು. "ಬೇಡ ಅಪ್ಪಯ್ಯ!" ಅಂತ ಕಿರುಚಿದೆ. ಟೇಪಿನ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಗೋಧಿಹಿಟ್ಟಿನ ಪಿಷ್ಟದ ಅಂಟು, ತೆಳು ಜಪಾನಿ ಕಾಗದ ಹಾಕಬೇಕು ಅಂತ ವಿವರಿಸಿದೆ. "ಅಂದರೆ ಮೈದಾ ಅಂಟು. ನಾವು ಆಫೀಸಲ್ಲಿ ಅದನ್ನೇ ಹಚ್ಚುತ್ತಿದ್ದದ್ದು, ಅದಕ್ಕೆ ಇಷ್ಟು ಕೂಗೋದೆಂತಕ್ಕೆ?" ಅಂದರು. ಆಮೇಲೆ ಮ್ಯಾಪನ್ನು ಮೊದಲು ಉದ್ದಕ್ಕೆ ಹಾವಿನಂತೆ ಮಡಚಿ, ಮತ್ತೆ ಅಡ್ಡಕ್ಕೆ ಮಡಚಿ, ಮುಖಪುಟ ಮೇಲೆ ಬರುವ ಹಾಗೆ ಒಂದೇ ಸಲಕ್ಕೆ ಕೈಗಿಟ್ಟರು. ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಸರಿಯಾಗಿ ಬರದ ಕೆಲಸ ಅದು.

ಮೊದಲ ದಿನ ಪೇಸನ್ ಮೇಲೆ ಹಾಲ್‌ಬ್ರುಕ್‌ಗೆ ಹೋಗಿ ಮಲಗಿದ್ದಷ್ಟೇ. ಅಲ್ಲಿ 1950ರ ವಿಗ್ವಾಮ್ ಮೋಟೆಲ್ ಇದೆ, ಕಾಂಕ್ರೀಟಿನ ಹದಿನೈದು ಗುಡಾರಗಳು. ಒಳಗೆ ಇಕ್ಕಟ್ಟು, ಆದರೂ ಒಂದು ರಾತ್ರಿಗೆ ಮಜಾ. ಕೋಣೆ ಬೇಕಿದ್ದರೆ ತಿಂಗಳುಗಟ್ಟಲೆ ಮುಂಚೆ ಹಿಡಿಯಿರಿ. 2026 ಈ ರಸ್ತೆಗೆ ನೂರನೇ ವರ್ಷ, ಜನ ಜಾಸ್ತಿ.

ಮರುದಿನ ಬೆಳಿಗ್ಗೆ ಪೆಟ್ರಿಫೈಡ್ ಫಾರೆಸ್ಟ್. ದಕ್ಷಿಣದ ಬಾಗಿಲಲ್ಲಿ ಒಳಹೊಕ್ಕು ಉತ್ತರದಲ್ಲಿ ಹೊರಬಂದರೆ ಕಲ್ಲಾದ ಮರಗಳೂ ಸಿಗುತ್ತವೆ, ಪೇಂಟೆಡ್ ಡೆಸರ್ಟೂ ಸಿಗುತ್ತದೆ. ಒಳಗೆ ಹಳೇ 66ರ ತುಂಡನ್ನು ಉಳಿಸಿಕೊಂಡಿರುವ ನ್ಯಾಷನಲ್ ಪಾರ್ಕ್ ಇದೊಂದೇ. 1932ರ ತುಕ್ಕುಹಿಡಿದ ಸ್ಟೂಡಿಬೇಕರ್ ಕಾರೊಂದನ್ನು ನಿಲ್ಲಿಸಿದ್ದಾರೆ, ಎಲ್ಲರೂ ಅದರ ಫೋಟೊ ತೆಗೆದು ಹೊರಡುತ್ತಾರೆ. ಅಪ್ಪಯ್ಯ ನೋಡಿದ್ದು ಅದರ ಹಿಂದೆ ಸಾಲಾಗಿ ನಿಂತ ಹಳೇ ಟೆಲಿಫೋನ್ ಕಂಬಗಳನ್ನು. "ಡಾಂಬರು ಹೋದರೂ ಕಂಬ ಇದೆಯಲ್ಲ, ಅದೇ ಅಲೈನ್‌ಮೆಂಟು" ಅಂದರು. ನೋಡಿದರೆ ನಿಜ, ಕಂಬಗಳ ಸಾಲಿನ ಪಕ್ಕಕ್ಕೇ ನೆಲ ಸ್ವಲ್ಪ ಉಬ್ಬಿ ದಿಗಂತದವರೆಗೆ ಹೋಗಿತ್ತು. ಆಮೇಲೆ ಹಳೇ ರಸ್ತೆ ಕಣ್ಮರೆಯಾದಲ್ಲೆಲ್ಲ ನಾವು ಕಂಬ, ರೈಲುಹಳಿ, ಮೋರಿ ಹುಡುಕುತ್ತ ಹೋದೆವು. ಒಂದು ಎಚ್ಚರಿಕೆ: ಪಾರ್ಕಿನ ಗೇಟುಗಳನ್ನು ಸಂಜೆ ಮುಚ್ಚುತ್ತಾರೆ, ಹೊತ್ತು ನೋಡಿಕೊಂಡು ಹೋಗಿ. ಕಲ್ಲಾದ ಮರದ ಚೂರು ಜೇಬಿಗೆ ಹಾಕಿಕೊಂಡರೆ ಅಪರಾಧ.

ವಿನ್ಸ್ಲೊದಲ್ಲಿ ಲಾ ಪೊಸಾಡ ಹೋಟೆಲ್ ನೋಡಿ, 1930ರದ್ದು, ಮೇರಿ ಕೋಲ್ಟರ್ ವಿನ್ಯಾಸ. ಟೂ ಗನ್ಸ್ ಎಂಬಲ್ಲಿ ಪಾಳುಬಿದ್ದ ಕಟ್ಟಡಗಳಿವೆ. ಅದು ಖಾಸಗಿ ಜಾಗ, ಬೋರ್ಡು ಓದದೆ ನುಗ್ಗಬೇಡಿ. ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ ಎತ್ತರ, ಏಪ್ರಿಲ್‌ನಲ್ಲೂ ಸ್ವೆಟರ್ ಬೇಕಾಯಿತು. ರಾತ್ರಿಯ ಊಟಕ್ಕೆ ಮಾತ್ರ ನಾವು ಯಾವ ಊರನ್ನೂ ನಂಬಲಿಲ್ಲ. ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ, ಪುಟ್ಟ ರೈಸ್ ಕುಕ್ಕರ್ ಇದ್ದರೆ ಮೋಟೆಲ್ ಯಾವುದಾದರೇನು. ಈ ದಾರಿಯ ಡೈನರ್‌ಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಆಲೂಗಡ್ಡೆ, ಪೈ, ಮತ್ತೆ ಆಲೂಗಡ್ಡೆ.

ಮೂರನೇ ದಿನದಿಂದ ನಿಜವಾದ ರಸ್ತೆ. ಆಶ್ ಫೋರ್ಕ್ ದಾಟಿ ಐ-40ರ ಎಕ್ಸಿಟ್ 139ರಲ್ಲಿ ಕ್ರುಕ್ಟನ್ ರೋಡಿಗೆ ಇಳಿಯಿರಿ. ಫೋನಿನ ದಾರಿ ತೋರಿಸುವ ಆ್ಯಪ್ ನಿಮ್ಮನ್ನು ಮತ್ತೆ ಮತ್ತೆ ಐ-40ಗೇ ಎಳೆಯುತ್ತದೆ. "ಹೆದ್ದಾರಿ ಬೇಡ" ಅನ್ನುವ ಆಯ್ಕೆ ಒತ್ತಿ, ಇಲ್ಲವೇ ನಮ್ಮ ಹಾಗೆ ಅದನ್ನು ಬಂದ್ ಮಾಡಿ. ಹೇಗೂ ಮುಂದೆ ಎಷ್ಟೋ ಕಡೆ ಸಿಗ್ನಲ್ ಇಲ್ಲ. ಈ ರಸ್ತೆ ನೆಲದ ಏರಿಳಿತವನ್ನೇ ಹಿಡಿದು ಹೋಗುತ್ತದೆ. ಗುಡ್ಡ ಬಂದರೆ ಹತ್ತುತ್ತದೆ, ತಗ್ಗು ಬಂದರೆ ಇಳಿಯುತ್ತದೆ, ಮಕ್ಕಳಿಗೆ ಹೊಟ್ಟೆಯಲ್ಲಿ ಕಚಗುಳಿ. ದೂರದಲ್ಲಿ ಐ-40 ಗುಡ್ಡವನ್ನು ಕಡಿದು ನೇರ ಹೋಗಿರುವುದು ಕಾಣುತ್ತದೆ. "ಆಗ ಕಟಿಂಗ್-ಫಿಲ್ಲಿಂಗ್‌ಗೆ ದುಡ್ಡೆಲ್ಲಿತ್ತು? ನೆಲ ಹೇಗಿದೆಯೋ ಹಾಗೆ ಹಾಸಿದ್ದಾರೆ" ಅಂತ ಅಪ್ಪಯ್ಯ ಕಾರು ನಿಲ್ಲಿಸಲು ಹೇಳಿ, ಇಳಿದು ಅಂಚಿನ ಡಾಂಬರನ್ನು ಚಪ್ಪಲಿಯಿಂದ ಒತ್ತಿ ನೋಡಿದರು.

ಸೆಲಿಗ್ಮನ್‌ನಲ್ಲಿ ಒಂದು ಗಂಟೆ ಕೊಡಿ. 1978ರ ಸೆಪ್ಟೆಂಬರ್ 22ರಂದು ಐ-40 ಈ ಊರನ್ನು ಬಿಟ್ಟು ಹೋಯಿತು, ಅವತ್ತಿಗೇ ಬೀದಿ ಖಾಲಿ. ಊರಿನ ಕ್ಷೌರಿಕ ಏಂಜಲ್ ಡೆಲ್ಗಡಿಯೊ ನೆರೆಹೊರೆಯವರನ್ನು ಸೇರಿಸಿ 1987ರಲ್ಲಿ ಹಳೇ 66 ಉಳಿಸಲು ಸಂಘ ಕಟ್ಟಿದರು. ಅದೇ ವರ್ಷ ಅರಿಜೋನಾ ಸರ್ಕಾರ ಇದನ್ನು ಐತಿಹಾಸಿಕ ರಸ್ತೆ ಅಂತ ಘೋಷಿಸಿತು. ಮಿಕ್ಕ ರಾಜ್ಯಗಳ ಸಂಘಗಳು ಹುಟ್ಟಿದ್ದು ಇದನ್ನು ನೋಡಿಯೇ. ಅಂಗಡಿಗಳಲ್ಲಿ ಮಾರುವ "ಹಳೇ ಮ್ಯಾಪು"ಗಳು ಹೆಚ್ಚಿನವು ಹೊಸ ಅಚ್ಚು, ಗೋಡೆಗೆ ಸರಿ, ಡಬ್ಬಿಗೆ ಬೇಡ. ಅಲ್ಲಿಂದ ಕಿಂಗ್‌ಮನ್‌ಗೆ ರಸ್ತೆ ಬಿಲ್ಲಿನ ಹಾಗೆ ಉತ್ತರಕ್ಕೆ ಬಾಗಿ, ಹುವಾಲಪೈ ಎಂಬ ಮೂಲನಿವಾಸಿ ಜನರ ಊರು ಪೀಚ್ ಸ್ಪ್ರಿಂಗ್ಸ್ ಮೇಲೆ ರೈಲುಹಳಿಯ ಜೊತೆಜೊತೆಗೇ ಹೋಗುತ್ತದೆ. ಮೈಲುದ್ದದ ಗೂಡ್ಸ್ ರೈಲು ಬಂದರೆ ನಿಲ್ಲಿಸಿ ಡಬ್ಬಿ ಎಣಿಸಿ. ನಾವು ನೂರು ದಾಟಿದ ಮೇಲೆ ಲೆಕ್ಕ ತಪ್ಪಿದೆವು.

ಕಿಂಗ್‌ಮನ್‌ನಲ್ಲಿ ಪೆಟ್ರೋಲ್ ತುಂಬಿಸಿ, ನೀರು ತುಂಬಿಸಿಕೊಂಡೇ ಎಕ್ಸಿಟ್ 44ರಿಂದ ಓಟ್‌ಮನ್ ಕಡೆ ತಿರುಗಿ. ಇಲ್ಲಿ ಬೇಕಾದದ್ದು 1951ರ ಮ್ಯಾಪು. ಸಿಟ್‌ಗ್ರೀವ್ಸ್ ಘಾಟಿ ಎತ್ತರದಲ್ಲಿ ದೊಡ್ಡದೇನಲ್ಲ, ಸುಮಾರು 3,500 ಅಡಿ. ಆದರೆ ತಿರುವುಗಳು ಬಿಗಿ, ಅಂಚಿಗೆ ಬಹಳ ಕಡೆ ತಡೆಗೋಡೆಯೇ ಇಲ್ಲ. ನಲವತ್ತು ಅಡಿಗಿಂತ ಉದ್ದದ ಗಾಡಿಗಳು ಬರಬಾರದು ಅಂತ ಬೋರ್ಡೇ ಇದೆ, ಮನೆಯಂತಿರುವ ದೊಡ್ಡ ಆರ್‌ವಿ ಗಾಡಿ ಬಾಡಿಗೆಗೆ ಹಿಡಿದವರು ಯಕ್ಕಾ ಮೇಲೆ ಹೋಗಿ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಬಾಯಿಪಾಠ ಹೇಳುವ ಅಪ್ಪಯ್ಯ ಇಲ್ಲಿ ಮಾತು ನಿಲ್ಲಿಸಿ, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದರು. ಹಳೇ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಪೆಟ್ರೋಲ್ ತಾನಾಗಿ ಇಳಿದು ಇಂಜಿನ್‌ಗೆ ಹೋಗಬೇಕಿತ್ತು, ಕಡಿದಾದ ಏರಿನಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೇ ಈ ಘಾಟಿಯನ್ನು ಹಿಮ್ಮುಖವಾಗಿ ಹತ್ತುತ್ತಿದ್ದರು ಅಂದಾಗ, "ನಾವೂ ಹಾಗೇ ಹತ್ತೋಣ ಅಂತ ಹೇಳಬೇಡ, ಮುಂದೆ ನೋಡು" ಅಂದರು.

ಓಟ್‌ಮನ್ ಚಿನ್ನದ ಗಣಿಯ ಊರು. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಈಗ ಬೀದಿಯ ಒಡೆಯರು. ಕಾರಿನ ಕಿಟಕಿ ಏರಿಸಿಕೊಂಡಿರಿ. ನಾನು ಏರಿಸಿರಲಿಲ್ಲ. ಒಂದು ಕತ್ತೆ ತಲೆ ಒಳಗೆ ತೂರಿಸಿ, ಅಪ್ಪಯ್ಯನ ತೊಡೆಯ ಮೇಲಿದ್ದ ಹೊಸ ಮ್ಯಾಪಿನ ಮೂಲೆಯನ್ನು ಕಚ್ಚಿ ಎಳೆದು, ಕ್ಯಾಲಿಫೋರ್ನಿಯಾದ ಒಂದು ತುಂಡನ್ನು ನಿಧಾನಕ್ಕೆ ಅಗಿಯಿತು. ಅಸಲು ಅಲ್ಲ, ಪುಣ್ಯ.

ಕೆಳಗಿಳಿದು ಟೋಪಾಕ್ ಮುಟ್ಟಿದರೆ ಕೊಲರಾಡೊ ನದಿ. ಬಿಳಿ ಕಮಾನಿನ 1916ರ ಓಲ್ಡ್ ಟ್ರೇಲ್ಸ್ ಸೇತುವೆ ಕಾಣುತ್ತದೆ. 1947ರವರೆಗೆ 66 ಅದರ ಮೇಲೆಯೇ ನದಿ ದಾಟುತ್ತಿತ್ತು, ಈಗ ಅದರ ಮೇಲೆ ಗ್ಯಾಸ್ ಪೈಪು. ಬೇಸಿಗೆಯಲ್ಲಿ ಇಲ್ಲಿ 45 ಡಿಗ್ರಿ ಮಾಮೂಲು, ಜುಲೈ-ಆಗಸ್ಟ್‌ನಲ್ಲಿ ಹಠಾತ್ ಮಳೆಗೆ ಹಳ್ಳಗಳು ರಸ್ತೆಯ ಮೇಲೇ ಹರಿಯುತ್ತವೆ. ಏಪ್ರಿಲ್ ಅಥವಾ ಅಕ್ಟೋಬರ್ ಸರಿ. ಮುಂದೆ ಕ್ಯಾಲಿಫೋರ್ನಿಯಾಗೆ ಹೋಗುವವರು ಆಂಬಾಯ್ ಕಡೆಯ ಹಳೇ ರಸ್ತೆ ತೆರೆದಿದೆಯೋ ಅಂತ ವಿಚಾರಿಸಿಕೊಂಡೇ ಹೊರಡಿ, ನೆರೆಗೆ ಅಲ್ಲಿನ ಮರದ ಸೇತುವೆಗಳು ಹಾಳಾಗಿ ರಸ್ತೆ ಮುಚ್ಚಿದ್ದುಂಟು. ನಾವು ಅಲ್ಲಿಂದ ಪಾರ್ಕರ್ ಮೇಲೆ ಫೀನಿಕ್ಸ್‌ಗೆ ತಿರುಗಿದೆವು.

ಟೋಪಿ ಬಿದ್ದ ಆ ನಲವತ್ತು ಡಾಲರಿನ ಮ್ಯಾಪು ಈಗ ತೀರ್ಥಹಳ್ಳಿಯಲ್ಲಿದೆ. ಹರಿದ ಮಡಿಕೆಗೆ ಅಪ್ಪಯ್ಯ ಮೈದಾ ಅಂಟು ಹಚ್ಚಿದ್ದಾರೆ. ಹೋದ ವಾರ ಫೋನಿನಲ್ಲಿ, 1937ರ ಹಿಂದಿನದು, 66 ಇನ್ನೂ ಸಾಂಟಾ ಫೆ ಸುತ್ತಿ ಹೋಗುವ ಮ್ಯಾಪು ಒಂದು ಸಿಕ್ಕರೆ ನೋಡು ಅಂದರು.