ಕಿಟಕಿ ಕೂರಿಸುವ ದಿನ ಮನೆಯವರು ಅಲ್ಲೇ ಇರಬೇಕು

ಅಂತೂ ನಮ್ಮ ಹೊಸ ಮನೆಗೆ ಕಿಟಕಿ ಕೂತವು. ಒಟ್ಟು 11. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಸರಿಯಾಗಿ ಬಿಡುವುದಿಲ್ಲ. ಅದಕ್ಕೇ ಮೇ ಮುಗಿಯುವುದರೊಳಗೆ ಗಾಜು ಕೂರಲೇಬೇಕು ಅಂತ ಯುಗಾದಿಯಿಂದ ಓಡಾಡುತ್ತಿದ್ದೆ. ಮನೆ ಕಟ್ಟಿಸುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಬಾಗಿಲು ಇಡುವಾಗ ಮುಹೂರ್ತ ನೋಡಿದೆವು, ಪೂಜೆ ಆಯಿತು, ನೆಂಟರೆಲ್ಲ ಬಂದಿದ್ದರು. ಕಿಟಕಿಗೆ ಹಾಗೇನಿಲ್ಲ, ಕೆಲಸದವರು ಬಂದು ಕೂರಿಸಿ ಹೋಗುತ್ತಾರೆ. ಆದರೆ ನಮ್ಮ ಕಡೆಯ ಮಳೆಗೆ ಮನೆಯೊಳಗೆ ನೀರು ಬರುವುದು ಹೆಚ್ಚಾಗಿ ಕಿಟಕಿಯ ಸುತ್ತಲಿನಿಂದಲೇ.

ಮೊದಲು ಎತ್ತರದ ವಿಷಯ. ಪ್ಲಾನ್‌ನಲ್ಲಿ ಎಲ್ಲಾ ಕೋಣೆಗೂ ಒಂದೇ ಲೆಕ್ಕ, ನೆಲದಿಂದ 3 ಅಡಿಗೆ ಕಿಟಕಿ ಶುರು, 7 ಅಡಿಗೆ ಲಿಂಟಲ್, ಅಂದರೆ ಕಿಟಕಿಯ ಮೇಲಿನ ತೊಲೆ. ಅಮ್ಮನಿಗೆ ಮಂಡಿನೋವು, ದಿನದ ಜಾಸ್ತಿ ಹೊತ್ತು ಕೂತೇ ಇರುತ್ತಾರೆ. ಗೋಡೆ ಇನ್ನೂ ಎರಡು ವರಸೆ ಕಲ್ಲು ಎದ್ದಿದ್ದಾಗ ಅವರ ಕೋಣೆಯಲ್ಲಿ ಖುರ್ಚಿ ಹಾಕಿ ಕೂರಿಸಿ, 3 ಅಡಿಗೆ ದಾರ ಹಿಡಿದು ನೋಡಿದೆ. ದಾರದ ಮೇಲಿಂದ ಅವರಿಗೆ ದಾಸವಾಳದ ತುದಿ ಕಾಣುತ್ತಿತ್ತು, ಅಂಗಳ ಕಾಣುತ್ತಿರಲಿಲ್ಲ. 2 ಅಡಿಗೆ ಇಳಿಸಿದಾಗ ಗೇಟಿನವರೆಗೆ ಕಂಡಿತು. ಮೇಸ್ತ್ರಿಗೆ ಅಲ್ಲೇ ಹೇಳಿ ಆ ಒಂದು ಕಿಟಕಿಯನ್ನು 2 ಅಡಿಗೆ ಮಾಡಿಸಿದೆ. ಗೋಡೆ ಎದ್ದ ಮೇಲೆ ಇದನ್ನು ಮಾಡಬೇಕಿದ್ದರೆ ಒಡೆಯಬೇಕಿತ್ತು.

ಕಿಟಕಿ ಎಷ್ಟು ದೊಡ್ಡದಿರಬೇಕು ಅಂತ ಬಹಳ ಜನ ಕೇಳುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ಅಂದಾಜು ಇದೆ: ಬಿಸಿಲು, ತೇವ ಎರಡೂ ಇರುವ ಕಡೆ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು, ಒಣ ಬಿಸಿಲಿನ ಕಡೆ ಹತ್ತನೇ ಒಂದು ಭಾಗದಷ್ಟು. 12 ಅಡಿಗೆ 11 ಅಡಿಯ ಕೋಣೆ ಅಂದರೆ 132 ಚದರ ಅಡಿ, ಅದಕ್ಕೆ 22 ಚದರ ಅಡಿ ಕಿಟಕಿ.

ಮರವೋ ಯುಪಿವಿಸಿಯೋ (ಗಟ್ಟಿ ಪ್ಲಾಸ್ಟಿಕ್ಕಿನ ಫ್ರೇಮು) ಅನ್ನುವುದಕ್ಕೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬಾಗಿಲು ಬಿಗಿಯಾಗುತ್ತದೆ, ಗೆದ್ದಲಿನ ಚಿಂತೆ ಬೇರೆ. ಕೊನೆಗೆ 10 ಕಿಟಕಿ ಯುಪಿವಿಸಿ, ಅಮ್ಮನ ಕೋಣೆಯದು ಮಾತ್ರ ಹಳೇ ಮನೆಯ ಹಲಸಿನ ಕಿಟಕಿ. ಅದರಲ್ಲಿ ಅಮ್ಮನದೂ ಹಟ ಇತ್ತು, ನನಗೂ ಆಸೆ ಇತ್ತು. ಆಚಾರ್ರು ಅದಕ್ಕೆ ಉಜ್ಜುಗೊರಡು ಹಾಕಿದಾಗ ಹೊಗೆ ಹಿಡಿದು ಕಪ್ಪಾಗಿದ್ದ ಮರದ ಅಡಿಯಿಂದ ಅರಿಶಿನದಂಥ ಹಳದಿ ಬಂತು. ಅಮ್ಮ ಒಂದು ಹೆರೆ ಎತ್ತಿಕೊಂಡು ಮೂಸಿ ನೋಡಿದರು. "ಆಚಾರ್ರೇ, ಇದಕ್ಕೆ ಬಣ್ಣ ಬಳಿಯಬೇಡಿ, ಎಣ್ಣೆ ಸಾಕು" ಅಂದರು. ಹಾಗೇ ಮಾಡಿದೆವು.

ಸ್ಲೈಡಿಂಗ್, ಅಂದರೆ ಪಕ್ಕಕ್ಕೆ ಸರಿಸುವ ಕಿಟಕಿ ಹಾಕಿಸುವವರು ಒಂದು ಮಾತು ನೆನಪಿಡಿ. ಎರಡು ಗಾಜಿನ ಸ್ಲೈಡಿಂಗ್‌ನಲ್ಲಿ ಎಷ್ಟು ತೆರೆದರೂ ಗಾಳಿಗೆ ಸಿಗುವುದು ಅರ್ಧ ಕಿಟಕಿ ಮಾತ್ರ. ಅಡುಗೆಮನೆಗೆ, ಮಲಗುವ ಕೋಣೆಗೆ ಪೂರ್ತಿ ತೆರೆಯುವಂಥದ್ದೇ ಒಳ್ಳೆಯದು. ನಾವು ಹಾಲ್‌ಗೆ ಮಾತ್ರ ಸ್ಲೈಡಿಂಗ್ ಇಟ್ಟುಕೊಂಡೆವು.

ಇನ್ನು ಅಳತೆ. ಅಂಗಡಿಯವರು ಗಾರೆ ಆಗುವ ಮೊದಲೇ ಅಳತೆ ತೆಗೆದುಕೊಳ್ಳುತ್ತೇವೆ ಅಂದರು, ನಾನು ಒಪ್ಪಲಿಲ್ಲ. ಗಾರೆ ಆಗಿ, ಕೆಳಗಿನ ಗ್ರಾನೈಟ್ ಕಲ್ಲು ಕೂತ ಮೇಲೆ, ಪ್ರತಿ ಕಿಟಕಿಯನ್ನೂ ಅಗಲ ಮೂರು ಕಡೆ, ಎತ್ತರ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನೇ ಬರೆಸಿದೆ. ಒಂದೇ ಕಿಟಕಿಯಲ್ಲಿ ಮೇಲಕ್ಕೂ ಕೆಳಕ್ಕೂ 12 ಮಿಲಿಮೀಟರ್ ವ್ಯತ್ಯಾಸ ಇತ್ತು. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ ಗಾಜು) ಒಮ್ಮೆ ತಯಾರಾದ ಮೇಲೆ ಕತ್ತರಿಸಲು ಬರುವುದಿಲ್ಲ, ಒಡೆದು ಚೂರಾಗುತ್ತದೆ. ಅಳತೆ ತಪ್ಪಿದರೆ ಹೊಸ ಗಾಜೇ ಬೇಕು.

ಇಷ್ಟೆಲ್ಲ ನೋಡಿಕೊಂಡೂ ಪೆಟ್ಟು ಬಿದ್ದದ್ದು ಗ್ರಾನೈಟ್ ಕಲ್ಲಿನಲ್ಲಿ. ಪಡುವಣ ಕಡೆಯ ಮೂರು ಕಿಟಕಿಗೆ ಕಲ್ಲು ಹಾಕಿದ ದಿನ ನಾನು ಮದುವೆಗೆ ಹೋಗಿದ್ದೆ. ಅಳತೆ ತೆಗೆಯುವಾಗಲೂ ಕಲ್ಲಿನ ಓಟವನ್ನು, ಅಂದರೆ ನೀರು ಹರಿದುಹೋಗಲು ಕೊಡುವ ಇಳಿಜಾರನ್ನು, ಯಾರೂ ನೋಡಲಿಲ್ಲ. ಕಿಟಕಿ ಕೂತ ಮೇಲೆ ಪೈಪ್ ಹಿಡಿದು ಹೊರಗಿನಿಂದ ಹತ್ತು ನಿಮಿಷ ನೀರು ಬಿಟ್ಟೆ. ಗಾಜಿನಿಂದ ಒಂದು ಹನಿ ಬರಲಿಲ್ಲ. ಆದರೆ ಒಳಗಡೆ ಫ್ರೇಮಿನ ಅಡಿಯಲ್ಲಿ ಗಾರೆ ನಿಧಾನವಾಗಿ ಕಪ್ಪಾಗುತ್ತಾ ಬಂತು. ರಸಮಟ್ಟ ಇಟ್ಟು ನೋಡಿದರೆ ಕಲ್ಲು ಒಳಗಿನ ಕಡೆಗೇ ವಾಲಿತ್ತು! ಬಿದ್ದ ನೀರೆಲ್ಲ ಮನೆ ಕಡೆಗೇ ಹರಿಯುತ್ತಿತ್ತು. "ಸಿಲಿಕೋನ್ ಹೊಡೆದರೆ ಸಾಕು" ಅಂದರು ಕೆಲಸದವರು. ಸಿಲಿಕೋನ್ ಅಂದರೆ ಸಂದು ಮುಚ್ಚುವ ಅಂಟು. ನಾಲ್ಕು ತಿಂಗಳ ಇರಚಲು ಮಳೆಯನ್ನು ಸಿಲಿಕೋನ್ ಒಂದೇ ಎಷ್ಟು ವರ್ಷ ತಡೆಯುತ್ತದೆ? ಮೂರೂ ಕಿಟಕಿ ಬಿಚ್ಚಿಸಿದೆ. ಕಲ್ಲು ಎಬ್ಬಿಸಿ, ಹೊರಗೆ ಕಾಲು ಇಂಚು ಓಟ ಕೊಟ್ಟು, ಗೋಡೆಯಿಂದ ಒಂದೂವರೆ ಇಂಚು ಮುಂದೆ ಬರುವಂತೆ ಮತ್ತೆ ಹಾಕಿಸಿದೆ. ಮುಂದೆ ಬಂದ ಭಾಗದ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊಯ್ಯಿಸಿದೆ. ಆ ಗೀರು ಇದ್ದರೆ ಕಲ್ಲಿನ ಅಡಿಗೆ ಅಂಟಿಕೊಂಡು ಬರುವ ನೀರು ಗೋಡೆಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಐದು ದಿನದ ಕೆಲಸ, ಜೊತೆಗೆ ಜಗಳ.

ಇನ್ನೊಂದು. ಯುಪಿವಿಸಿ ಫ್ರೇಮಿನ ಹೊರಗಡೆ ಕೆಳಭಾಗದಲ್ಲಿ ಸಣ್ಣ ಸೀಳು ತೂತುಗಳಿರುತ್ತವೆ, ಟ್ರ್ಯಾಕ್‌ನಲ್ಲಿ ನಿಂತ ನೀರು ಹೊರಗೆ ಹೋಗಲಿ ಅಂತ. ಫಿಟ್ಟಿಂಗ್‌ಗೆ ಬಂದ ಹುಡುಗ, ಪಾಪ, ನೀರು ಒಳಗೆ ಬರುತ್ತದೆ ಅಂತ ತಿಳಿದು ಹಾಲ್‌ನ ಕಿಟಕಿಯಲ್ಲಿ ಅವನ್ನೂ ಸಿಲಿಕೋನ್‌ನಿಂದ ಮುಚ್ಚಿಬಿಟ್ಟಿದ್ದ. ಹಿಡಿಕಡ್ಡಿಯಿಂದ ಒಂದೊಂದಾಗಿ ಬಿಡಿಸಿದೆ. ನಿಮ್ಮಲ್ಲೂ ಒಮ್ಮೆ ನೋಡಿ. ಫ್ರೇಮಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಸುಮ್ನೆ ಬಿಡಬೇಡಿ, ಬಿಸಿಲಿಗೆ ಅಂಟಿಕೊಂಡರೆ ಆಮೇಲೆ ಚೂರುಚೂರಾಗಿ ಕೀಳಬೇಕಾಗುತ್ತದೆ.

ಮೇ ಕೊನೆಯಲ್ಲಿ ಗುಡುಗಿನ ಮಳೆ ಒಂದು ಗಂಟೆ ಹೊಡೆಯಿತು. ಮಳೆ ನಿಲ್ಲುವ ಮೊದಲೇ ಓಡಿ ಹೋಗಿ ಆ ಮೂರು ಕಿಟಕಿಯ ಅಡಿಯ ಗೋಡೆಯ ಮೇಲೆ ಕೈಯಿಟ್ಟು ನೋಡಿದೆ. ಒಣಗಿತ್ತು. ಇನ್ನು ಅಡುಗೆಮನೆಯ ಸೊಳ್ಳೆ ಜಾಲರಿ ಮಾತ್ರ ಬಾಕಿ ಇದೆ, ಮಂಗಳವಾರ ತರುತ್ತೇವೆ ಅಂದಿದ್ದಾರೆ. ಅವತ್ತು ರಜೆ ಹಾಕಿದ್ದೇನೆ.