ದೂರ ಒಂದೇ, ಹೊತ್ತು ಬೇರೆ

ಸ್ಯಾನ್ ಫ್ರಾನ್ಸಿಸ್ಕೊ ಸಮೀಪದಲ್ಲಿರುವ ಮಗಳ ಮನೆಗೆ ಹೊರಡುವ ಮೊದಲು ಟಿಕೆಟ್ ನೋಡುತ್ತಿದ್ದ ನನ್ನ ಪತ್ನಿ, "ಹೋಗುವಾಗ ಸುಮಾರು 16 ಗಂಟೆ, ಬರುವಾಗ 17ಕ್ಕೂ ಹೆಚ್ಚು ಎಂದಿದೆಯಲ್ಲ, ದಾರಿ ಒಂದೇ ಅಲ್ಲವೇ?" ಎಂದು ಕೇಳಿದಳು. ದಾರಿ ಒಂದೇ ಅಲ್ಲ ಎಂಬುದೇ ಅದಕ್ಕೆ ಉತ್ತರವೆಂದು ನನಗೆ ತಿಳಿದದ್ದು ಒಂದೆರಡು ಸಂಜೆ ಲೆಕ್ಕ ಹಾಕಿದ ಮೇಲೆ.

ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಭೂಮಿಯ ಮೈಮೇಲಿನ ಅತಿ ಹತ್ತಿರದ ದೂರ ಸುಮಾರು 13,990 ಕಿ.ಮೀ. ಗೋಡೆಯ ಮೇಲಿನ ನಕ್ಷೆಯಲ್ಲಿ ಪೂರ್ವದ ಕಡೆಗೆ ಗೀಟು ಎಳೆದರೆ ಅದು ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟುತ್ತದೆ. ಆದರೆ ಗೋಳದ ಮೇಲೆ ಹೂ ಕಟ್ಟುವ ದಾರವನ್ನು ಬಿಗಿಯಾಗಿ ಹಿಡಿದರೆ ಅದು ನೇಪಾಳ, ಟಿಬೆಟ್, ಸೈಬೀರಿಯಾಗಳ ಮೇಲೆ ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಅಂತರ್ಜಾಲದಲ್ಲಿ ಎರಡು ಊರುಗಳ ಹೆಸರು ಕೊಟ್ಟೊಡನೆ ದೂರ ಹೇಳುವ ತಾಣಗಳು ಅಳೆಯುವುದು ಈ ದಾರವನ್ನೇ. ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ.

ಆದರೆ ವಿಮಾನ ದಾರದ ಮೇಲೆಯೇ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಅದು ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ಬಹುಭಾಗದಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ಆ ಪ್ರದೇಶವನ್ನು ಸಾಮಾನ್ಯವಾಗಿ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಇದಕ್ಕಿಂತ ದೊಡ್ಡ ಕಾರಣ ಗಾಳಿ. ಮಧ್ಯ ಅಕ್ಷಾಂಶಗಳಲ್ಲಿ, ವಿಮಾನ ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಅದೇ ದೂರಕ್ಕೆ 14 ಗಂಟೆ ಸಾಕು, ಎದುರಾದರೆ ಹದಿನೇಳೂವರೆ ಬೇಕು. ಹೀಗಾಗಿ ಪೂರ್ವಕ್ಕೆ ಹೋಗುವಾಗ ದಾರಿ ಉದ್ದವಾದರೂ ಸಾಗರದ ಮೇಲೆ ಆ ಹೊಳೆಯನ್ನು ಹಿಡಿಯುವುದು ಲಾಭ, ಮರಳುವಾಗ ಅದರಿಂದ ತಪ್ಪಿಸಿಕೊಳ್ಳುವುದು ಲಾಭ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ, ಝೋಯಾ ಅಗರ್‌ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳು ಬೋಯಿಂಗ್ 777 ಅನ್ನು ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದರು. ಎರಡೂ ಊರುಗಳ ರೇಖಾಂಶಗಳು ಹೆಚ್ಚುಕಡಿಮೆ ಎದುರುಬದುರಾಗಿರುವುದರಿಂದ ಧ್ರುವವನ್ನು ಮುಟ್ಟಿ ಬಂದರೂ ನನ್ನ ಲೆಕ್ಕದಲ್ಲಿ ದೂರ ಸುಮಾರು 14,370 ಕಿ.ಮೀ. ಮಾತ್ರ. ಎದುರುಗಾಳಿ ತಪ್ಪುವುದಾದರೆ 400 ಕಿ.ಮೀ.ಗೂ ಕಡಿಮೆಯ ಈ ಸುತ್ತು ದುಬಾರಿಯೇನಲ್ಲ.

ಗಡಿಯಾರದ ಗೊಂದಲ ಬೇರೆಯೇ ಇದೆ. ಎರಡೂ ಊರುಗಳ ನಡುವಿನ ವ್ಯತ್ಯಾಸ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಅಮೆರಿಕದವರು ಗಡಿಯಾರ ಮುಂದೆ ತಿರುಗಿಸುವ ತಿಂಗಳುಗಳಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದವರು ಅದೇ ದಿನ ಸಂಜೆ 4.30ಕ್ಕೆ ಅಲ್ಲಿ ಇಳಿಯುತ್ತಾರೆ. ಅಲ್ಲಿಂದ ಶುಕ್ರವಾರ ರಾತ್ರಿ 9ಕ್ಕೆ ಹೊರಟು 17 ಗಂಟೆ ಹಾರಿದವರು ದೇವನಹಳ್ಳಿ ತಲುಪುವುದು ಭಾನುವಾರ ನಸುಕಿನ 3.30ಕ್ಕೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ನನ್ನ ತಮ್ಮ ನಮ್ಮನ್ನು ಕರೆತರಲು ಶನಿವಾರ ನಸುಕಿನಲ್ಲೇ ಬಂದು, ಒಂದು ಕಾಫಿ ಕುಡಿದು ಹಿಂದಿರುಗಿದ್ದ.